ಕಲಿಯಲಾರದ ಜೀವವಿಲ್ಲ

ವಿಜಯಪುರ ನಗರದ ಅಂಚಿನ ಭೂತನಾಳ ಕೆರೆಯನ್ನು ಬಲ್ಲವರಿಗೆ ಅದರ ಎರಡೂ ಮುಖಗಳು ಗೊತ್ತು. ಮಳೆ ಕೈಕೊಟ್ಟ ವರ್ಷ ಅದರ ಅಂಗಳ ಒಣಗಿ ಬಿರುಕು ಬಿಡುತ್ತದೆ. ಮಳೆ ಚೆನ್ನಾಗಿ ಹಿಡಿದ ವರ್ಷ ಅದೇ ಅಂಗಳ ತುಂಬಿಕೊಂಡು ನಗರದ ಬಾಯಾರಿಕೆಗೆ ಒದಗುತ್ತದೆ. ಒಣಗಿದ ವರ್ಷದಲ್ಲಿಯೂ ಜನರು ಅದನ್ನು ಕೆರೆಯೆಂದೇ ಕರೆಯುತ್ತಾರೆ. ನೀರು ಕಾಣದಿದ್ದರೂ ನೀರನ್ನು ಹಿಡಿದಿಡುವ ಗುಣ ಅಲ್ಲಿಂದ ಹೋಗಿಲ್ಲವೆಂಬ ಭರವಸೆ ಅವರಿಗಿದೆ.

ಮಕ್ಕಳ ವಿಷಯದಲ್ಲಿ ಮಾತ್ರ ಲೋಕ ಇಷ್ಟು ತಾಳ್ಮೆಯನ್ನು ತೋರುವುದಿಲ್ಲ. ವಯಸ್ಸಿಗೆ ತಕ್ಕಂತೆ ಮಾತು ಬಾರದ, ಕಣ್ಣು ಕಾಣದ, ಕಿವಿ ಕೇಳದ, ಹೇಳಿದ್ದನ್ನು ಬೇಗ ಗ್ರಹಿಸದ ಮಗುವನ್ನು ಕಂಡೊಡನೆ, ‘ಇದಕ್ಕೆ ಕಲಿಸಿ ಏನು ಪ್ರಯೋಜನ?’ ಎಂಬ ಮಾತು ಬಂಧುಗಳಿಂದಲೇ ಬಂದುಬಿಡುತ್ತದೆ. ಆ ಮಾತಿಗೆ ಎದುರಾಗಿ, ‘ಪ್ರಯೋಜನವಿದೆ, ಕಲಿಸೋಣ’ ಎಂದು ಮುಂದೆ ಬರುವವರು ವಿಶೇಷ ಶಿಕ್ಷಕರು. ಅವರ ಶಾಲೆಗೆ ರ‍್ಯಾಂಕಿನ ಹೆಮ್ಮೆಯಿಲ್ಲ. ಒಂದು ಮಗು ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದಕ್ಕೆ ತಿಂಗಳುಗಳೇ ಬೇಕಾಗಬಹುದು. ಹಾಗಿದ್ದರೂ ಕೆಲವರು ಈ ವೃತ್ತಿಯನ್ನೇ ಆರಿಸಿಕೊಂಡು ಅದರಲ್ಲಿಯೇ ನೆಲೆಗೊಳ್ಳುವುದೇಕೆ?

ದಯೆಯಿಂದ ಎಂಬುದು ಎಲ್ಲರೂ ಕೊಡುವ ಉತ್ತರ. ಆದರೆ ದಯೆಯೊಂದೇ ಬಹುಕಾಲ ನಿಲ್ಲುವುದಿಲ್ಲ. ಮೊದಲ ವರ್ಷ ಉಕ್ಕುವ ಕನಿಕರ, ಪ್ರತಿದಿನದ ದುಡಿಮೆಯಲ್ಲಿ ಮೂರನೆಯ ವರ್ಷಕ್ಕೆ ಬತ್ತಿಹೋಗಬಹುದು. ಕಡೆಯವರೆಗೆ ಉಳಿಯುವವರನ್ನು ಹಿಡಿದು ನಿಲ್ಲಿಸುವುದು ಬೇರೊಂದು ಬಲ. ಆ ಮಗುವಿನೊಳಗೆ ಜ್ಞಾನವಿದೆ ಎಂಬ ಅಚಲವಾದ ಶ್ರದ್ಧೆ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಕೇವಲ ಭಾವವಲ್ಲ, ದರ್ಶನ.

ಜೀವದ ಲಕ್ಷಣ ಯಾವುದು ಎಂಬ ಪ್ರಶ್ನೆಗೆ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಉಪಯೋಗ, ಅಂದರೆ ಅರಿಯುವ ಚೈತನ್ಯವ್ಯಾಪಾರ, ಎಂದು ಉತ್ತರಿಸುತ್ತದೆ. ಅರಿವು ಜೀವಕ್ಕೆ ಹೊರಗಿನಿಂದ ಬಂದು ಸೇರುವ ವಸ್ತುವಲ್ಲ. ಅದು ಜೀವದ ಸ್ವಭಾವ. ಜ್ಞಾನಾವರಣೀಯ ಕರ್ಮವು ಅದನ್ನು ಮುಚ್ಚಬಹುದೇ ಹೊರತು ಅಳಿಸಲಾರದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೀವರಾಶಿಯಲ್ಲಿಯೇ ಅತ್ಯಂತ ಕೆಳಗಿನ ನೆಲೆಯಲ್ಲಿರುವ ಸೂಕ್ಷ್ಮ ನಿಗೋದಜೀವದಲ್ಲಿಯೂ ಜ್ಞಾನದ ಒಂದು ಕಣ ಯಾವಾಗಲೂ ತೆರೆದೇ ಇರುತ್ತದೆ, ಅದಕ್ಕೆ ಆವರಣವೇ ಇಲ್ಲ ಎಂದು ಅಲ್ಲಿ ಹೇಳಿದೆ. ಮೋಡ ಎಷ್ಟೇ ದಟ್ಟವಾಗಿ ಕವಿದರೂ ಹಗಲು ರಾತ್ರಿಯಾಗುವುದಿಲ್ಲ. ಸ್ಪರ್ಶವೊಂದೇ ಇಂದ್ರಿಯವಾಗಿರುವ ಅಂಥ ಜೀವದಲ್ಲಿಯೇ ಜ್ಞಾನ ನಂದದಿರುವಾಗ, ತಾಯಿಯ ಸ್ಪರ್ಶಕ್ಕೆ ನಗುವ ಮಗುವನ್ನು ‘ಏನೂ ತಿಳಿಯದ್ದು’ ಎನ್ನುವುದು ಹೇಗೆ ಸಾಧ್ಯ?

ಇಲ್ಲಿ ಒಂದು ನೋವಿನ ಮಾತನ್ನೂ ಎದುರಿಸಬೇಕು. ಇಂತಹ ಮಗುವಿನ ತಂದೆತಾಯಿಗಳಿಗೆ ‘ಇದು ನಿಮ್ಮ ಪೂರ್ವಕರ್ಮ’ ಎಂದು ಹೇಳಿ ಕೈತೊಳೆದುಕೊಳ್ಳುವವರು ಎಲ್ಲ ಸಮಾಜಗಳಲ್ಲಿಯೂ ಇದ್ದಾರೆ. ಜಿನಾಗಮದ ಕರ್ಮಸಿದ್ಧಾಂತವು ಇನ್ನೊಬ್ಬರ ಕಡೆ ಬೆರಳು ತೋರಿಸುವುದಕ್ಕಾಗಿ ಹುಟ್ಟಿದ್ದಲ್ಲ. ತನ್ನ ಇಂದಿನ ನಡೆಯನ್ನು ತಿದ್ದಿಕೊಳ್ಳುವುದಕ್ಕಾಗಿ ಹೇಳಿದ್ದು. ಜ್ಞಾನದ ಸಾಧನಗಳಿಗೆ ಅಡ್ಡಿ ಮಾಡುವುದು, ಕಲಿಯುವವರನ್ನು ತಡೆಯುವುದು ಇವೇ ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಹಾಗಾದರೆ ಕಲಿಯಬಲ್ಲ ಮಗುವನ್ನು ಮನೆಯ ಹಿಂದಿನ ಕೋಣೆಯಲ್ಲಿ ಬಚ್ಚಿಡುವವರು ಮತ್ತು ಬಚ್ಚಿಡಿರೆಂದು ಸಲಹೆ ಕೊಡುವವರು ಯಾವ ಕರ್ಮವನ್ನು ಕಟ್ಟಿಕೊಳ್ಳುತ್ತಿದ್ದಾರೆಂಬುದನ್ನು ಆಲೋಚಿಸಬೇಕು.

ಸಮ್ಯಗ್ದರ್ಶನವು ಎರಡು ಬಗೆಯಿಂದ ಉಂಟಾಗುತ್ತದೆ: ನಿಸರ್ಗದಿಂದ ಮತ್ತು ಅಧಿಗಮದಿಂದ. ಪರರ ಉಪದೇಶವಿಲ್ಲದೆ ಒಳಗಿನಿಂದಲೇ ಮೂಡುವುದು ಮೊದಲನೆಯದು. ಗುರುವಿನಿಂದ, ಶಾಸ್ತ್ರದಿಂದ ಪಡೆಯುವುದು ಎರಡನೆಯದು. ವಿಶೇಷ ಶಿಕ್ಷಣಕ್ಕೆ ಬರುವವರಲ್ಲಿಯೂ ಈ ಎರಡು ದಾರಿಗಳು ಕಾಣುತ್ತವೆ. ಕಿವಿ ಕೇಳದ ತಮ್ಮನೊಡನೆ ಬೆಳೆದ ಅಕ್ಕನಿಗೆ, ತನ್ನ ಮಗುವಿಗಾಗಿ ಕಲಿಯುತ್ತ ಹೋಗಿ ಊರ ಮಕ್ಕಳಿಗೂ ಶಿಕ್ಷಕಿಯಾಗುವ ತಾಯಿಗೆ ದಾರಿ ಮನೆಯೊಳಗಿಂದಲೇ ತೆರೆಯುತ್ತದೆ. ಬೇರೆ ಕೋರ್ಸಿನಲ್ಲಿ ಸೀಟು ಸಿಗದೆ, ಉದ್ಯೋಗದ ಆಸೆಯಿಂದ ಬಂದವರೂ ಉಂಟು. ಅದರಲ್ಲಿ ನಾಚಿಕೆಯಿಲ್ಲ. ಅಂಥವರಿಗೆ ತರಬೇತಿಯೇ ಅಧಿಗಮ. ‘ಆಗದು’ ಎಂದುಕೊಂಡಿದ್ದ ಮಗು ಒಂದು ದಿನ ಕೈಯೆತ್ತಿ ನೀರು ಕೇಳಿದಾಗ, ಪುಸ್ತಕದಲ್ಲಿ ಓದಿದ್ದು ಅವರಲ್ಲಿ ಶ್ರದ್ಧೆಯಾಗಿ ನೆಲೆಸುತ್ತದೆ. ಬಂದ ದಾರಿ ಯಾವುದಾದರೇನು, ದರ್ಶನವಾದ ಬಳಿಕ ಇಬ್ಬರೂ ಒಂದೇ.

ಉತ್ತರ ಕರ್ನಾಟಕದ ನೆಲದಲ್ಲಿ ಇದಕ್ಕೆ ದೊಡ್ಡ ದೃಷ್ಟಾಂತವಿದೆ. 1892ರಲ್ಲಿ ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಆ ಬಾಲಕನ ಕಂಠವನ್ನು ಗುರುತಿಸಿ ಸಂಗೀತ ಕಲಿಸಲು ಏರ್ಪಾಟು ಮಾಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಕಲಿತ ವಿದ್ಯೆಯನ್ನು ಗವಾಯಿಗಳು ತಮ್ಮ ಕೀರ್ತಿಗಾಗಿ ಬಳಸಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ ಬಡಮಕ್ಕಳನ್ನು ಕೂಡಿಸಿಕೊಂಡು ಊರೂರು ಸುತ್ತಿ, ಭಿಕ್ಷೆಯಿಂದ ಅವರ ಹೊಟ್ಟೆ ತುಂಬಿಸಿ ವಿದ್ಯೆ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಆ ತಪಸ್ಸಿನ ಫಲ. 1944ರಲ್ಲಿ ಅವರು ತೀರಿಕೊಂಡ ಮೇಲೆ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಹೊಣೆಯನ್ನು ಹೊತ್ತರು. ಕಣ್ಣುಳ್ಳ ಬಸವರಾಜ ರಾಜಗುರು ಅವರಂತಹ ಗಾಯಕರೂ ಪಂಚಾಕ್ಷರಿ ಗವಾಯಿಗಳ ಪದತಲದಲ್ಲಿ ಕಲಿತವರು. ಕಾಣದವರಿಗೆ ಕಾಣುವವರು ಉಪಕಾರ ಮಾಡುತ್ತಾರೆಂಬ ನಮ್ಮ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಅವರ ಪರಂಪರೆ ಬೇರೆ, ಪೂಜಾವಿಧಿ ಬೇರೆ. ಆದರೆ ಗುಣವನ್ನು ಕಂಡಲ್ಲಿ ಪ್ರಮೋದಭಾವದಿಂದ ತಲೆಬಾಗುವುದು ಶ್ರಾವಕನ ಧರ್ಮ.

ದರ್ಶನವಿದ್ದರೆ ಸಾಲದು, ಜ್ಞಾನವೂ ಬೇಕು. ಮತಿಜ್ಞಾನವು ಇಂದ್ರಿಯ ಮತ್ತು ಮನಸ್ಸುಗಳ ಮೂಲಕ ಉಂಟಾಗುತ್ತದೆ. ಒಂದು ಇಂದ್ರಿಯದ ಬಾಗಿಲು ಮುಚ್ಚಿದ್ದರೆ ಮತ್ತೊಂದನ್ನು ತಟ್ಟುವುದೇ ವಿಶೇಷ ಶಿಕ್ಷಣದ ಮರ್ಮ. ಬ್ರೈಲ್ ಲಿಪಿಯ ಆರು ಚುಕ್ಕೆಗಳು ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಿದವು. ಸನ್ನೆಭಾಷೆ ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಿತು. ಈ ಕೌಶಲಕ್ಕೆ ವಿಧಿವತ್ತಾದ ಅಧ್ಯಯನ ಅಗತ್ಯ. 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತು ಇಂತಹ ಶಿಕ್ಷಣಕ್ರಮಗಳನ್ನು ಮಾನ್ಯ ಮಾಡುತ್ತದೆ, ಅರ್ಹರಾದವರ ಹೆಸರನ್ನು ನೋಂದಾಯಿಸುತ್ತದೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಇಂತಹ ಶಿಕ್ಷಕರಿಗೆ ತರಬೇತಿ ಉಂಟು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಒಂದೊಂದಕ್ಕೂ ಕಲಿಸುವ ಹಾದಿ ಬೇರೆ, ಒಂದೊಂದು ಮಗುವಿಗೂ ಬೇರೆ. ವಸ್ತು ಅನೇಕಾಂತಾತ್ಮಕವೆಂಬುದನ್ನು ಈ ಶಿಕ್ಷಕರು ದಿನವೂ ಕಾಣುತ್ತಾರೆ. ‘ಈ ಮಗುವಿಗೆ ಬಾರದು’ ಎಂಬುದು ಒಂದು ನಯ ಮಾತ್ರ. ‘ಈ ವಿಧಾನದಿಂದ, ಈ ದಿನ, ಇಷ್ಟು ಬಾರದು’ ಎಂಬುದು ಸತ್ಯಕ್ಕೆ ಹೆಚ್ಚು ಹತ್ತಿರ.

ಇನ್ನು ಚಾರಿತ್ರ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದಾದ ನಿರ್ವಿಚಿಕಿತ್ಸೆಗೆ ಸಮಂತಭದ್ರಾಚಾರ್ಯರು ಉದ್ದಾಯನ ರಾಜನನ್ನು ಉದಾಹರಿಸುತ್ತಾರೆ. ರಾಜನನ್ನು ಪರೀಕ್ಷಿಸಲು ದೇವನೊಬ್ಬ ರೋಗಪೀಡಿತ ಮುನಿಯ ವೇಷದಲ್ಲಿ ಬಂದು, ಆಹಾರ ಸ್ವೀಕರಿಸಿ ಅಲ್ಲಿಯೇ ವಾಂತಿ ಮಾಡಿಕೊಂಡನೆಂದು ಕಥೆ. ದುರ್ಗಂಧಕ್ಕೆ ಪರಿವಾರದವರು ಓಡಿಹೋದರು. ರಾಜನು ರಾಣಿಯೊಡನೆ ನಿಂತು ಮೈ ತೊಳೆದನು. ಅಷ್ಟೇ ಅಲ್ಲ, ‘ನಾನು ನೀಡಿದ ಆಹಾರದಲ್ಲಿಯೇ ದೋಷವಿದ್ದಿರಬೇಕು’ ಎಂದು ತನ್ನನ್ನೇ ಹಳಿದುಕೊಂಡನು. ಮಗುವಿನ ಜೊಲ್ಲು ಒರೆಸುವಾಗ, ಒದ್ದೆಯಾದ ಬಟ್ಟೆ ಬದಲಿಸುವಾಗ ಅಸಹ್ಯಪಡದ ಶಿಕ್ಷಕಿ ಈ ಕಥೆಯ ಮೊದಲ ಅರ್ಧವನ್ನು ಬದುಕುತ್ತಾಳೆ. ಪಾಠ ಹತ್ತದ ದಿನ ‘ಮಗು ಕಲಿಯಲಿಲ್ಲ’ ಎನ್ನದೆ ‘ನಾನು ನೀಡಿದ ಬಗೆಯಲ್ಲಿ ತಪ್ಪೆಲ್ಲಿ?’ ಎಂದು ಕೇಳಿಕೊಂಡಾಗ ಎರಡನೆಯ ಅರ್ಧವೂ ಪೂರ್ಣವಾಗುತ್ತದೆ. ಸಾಮಾನ್ಯ ಶಾಲೆಗಳಲ್ಲಿಯೂ ಈ ಪ್ರಶ್ನೆ ಕೇಳಿಬಂದರೆ ಎಷ್ಟು ಮಕ್ಕಳು ಉಳಿದಾರು!

ಕಲಿತದ್ದನ್ನು ಮಗು ಮರೆಯುವ ದಿನಗಳೂ ಬರುತ್ತವೆ. ರಜೆ ಮುಗಿಸಿ ಬಂದಾಗ ಆರು ತಿಂಗಳ ಶ್ರಮ ಕರಗಿಹೋದಂತೆ ಕಾಣುತ್ತದೆ. ಆಗ ಹದಿನಾಲ್ಕು ಗುಣಸ್ಥಾನಗಳ ವಿಚಾರವನ್ನು ನೆನೆಯಬೇಕು. ಹನ್ನೊಂದನೆಯ ಮೆಟ್ಟಿಲೇರಿದ ಮಹಾಮುನಿಯೂ ಅಲ್ಲಿಂದ ಜಾರುತ್ತಾನೆ, ಮತ್ತೆ ಏರಬಲ್ಲನು. ಜಾರಿದವನನ್ನು ಶಾಸ್ತ್ರ ತಳ್ಳಿಹಾಕುವುದಿಲ್ಲ. ಇರುವ ಮೆಟ್ಟಿಲಿನಿಂದಲೇ ಏರೆಂದು ಹೇಳುತ್ತದೆ. ಶಿಕ್ಷಕಿಯೂ ಗುಂಡಿ ಹಾಕುವ ಪಾಠವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಮತ್ತೆ ಮೊದಲಿನಿಂದ ತೊಡಗುತ್ತಾಳೆ. ತಾನೇ ಹಾಕಿಬಿಟ್ಟರೆ ಕ್ಷಣದ ಕೆಲಸ. ಆದರೆ ಹಾಗೆ ಮಾಡುವುದು ಮಗುವಿನ ಪುರುಷಾರ್ಥವನ್ನು ಕಸಿದುಕೊಂಡಂತೆ ಎಂದು ಅವಳು ಬಲ್ಲಳು. ಕೈಕಟ್ಟಿ ಕಾಯುವುದೂ ಇಲ್ಲಿ ಅಹಿಂಸೆಯ ಒಂದು ರೂಪ. ಸೇವೆಯನ್ನು, ಅಂದರೆ ವೈಯಾವೃತ್ತ್ಯವನ್ನು, ಜಿನಾಗಮವು ಆರು ಅಭ್ಯಂತರ ತಪಸ್ಸುಗಳಲ್ಲಿ ಸೇರಿಸಿರುವುದು ಸುಮ್ಮನೆ ಅಲ್ಲ.

ಆದರೆ ಈ ತಪಸ್ಸನ್ನು ಕೆಲವರ ಹೆಗಲಿಗೆ ಬಿಟ್ಟು ಉಳಿದವರು ಕೈಮುಗಿದು ಕುಳಿತರೆ ಧರ್ಮವಾಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರಂತೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರಂತೆ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ಆ ಮಾತು ಹಳ್ಳಿಯ ಶಾಲೆಯವರೆಗೆ ತಲುಪಬೇಕಾದರೆ ಸರಕಾರ ಹುದ್ದೆಗಳನ್ನು ತುಂಬಬೇಕು, ಸಮಾಜ ಆ ಹುದ್ದೆಗಳಿಗೆ ಗೌರವ ಕೊಡಬೇಕು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೆಂದರೆ ಗ್ರಂಥ ಹಂಚುವುದಷ್ಟೇ ಅಲ್ಲ. ಒಂದು ಬ್ರೈಲ್ ಪುಸ್ತಕ, ಒಂದು ಶ್ರವಣಸಾಧನ, ತರಬೇತಿಗೆ ಹೋಗುವ ಬಡ ವಿದ್ಯಾರ್ಥಿನಿಯ ಶುಲ್ಕ ಇವೂ ಶಾಸ್ತ್ರದಾನವೇ. ಮನೆಯ ಮಗಳು ‘ನಾನು ಇಂತಹ ಮಕ್ಕಳ ಶಿಕ್ಷಕಿಯಾಗುತ್ತೇನೆ’ ಎಂದಾಗ ‘ಬೇರೆ ಕೆಲಸ ಸಿಗಲಿಲ್ಲವೇ?’ ಎನ್ನದಿರುವುದು ಎಲ್ಲಕ್ಕಿಂತ ಮೊದಲಿನ ದಾನ.

ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ಬಿಂಬಕ್ಕೆ ಅಭಿಷೇಕ ನಡೆಯುವಾಗ ಭಕ್ತರು ಕಣ್ಣು ಮಿಟುಕಿಸದೆ ನೋಡುತ್ತಾರೆ. ಹೆಡೆಗಳು ಒಂದಕ್ಕೊಂದು ಒಳಗಿನಿಂದ ಕೂಡಿಕೊಂಡಿರುವುದರಿಂದ, ಎರೆದ ಹಾಲು ಒಂದು ಹೆಡೆಯನ್ನೂ ಬಿಡದೆ ಹರಿದು ಬರುತ್ತದೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬದುಕುತ್ತವೆ ಎಂಬ ಆಚಾರ್ಯರ ವಚನಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ. ಅಭಿಷೇಕ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ, ಜ್ಞಾನದ ಹಾಲು ಇನ್ನೂ ತಲುಪದ ಮಗು ನಮ್ಮ ಓಣಿಯಲ್ಲಿಯೇ ಇರಬಹುದೇ ಎಂದು ಒಮ್ಮೆ ನೋಡಿದರೆ, ಅಂದಿನ ಪೂಜೆ ಪೂರ್ಣವಾದಂತೆ.