ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕೊಡುವ ಅರಿವಳಿಕೆಯಿಂದಲೇ ರೋಗವು ಮರುಕಳಿಸೀತೇ? ಈ ಶಂಕೆ ವೈದ್ಯರನ್ನೂ ಬಹುಕಾಲ ಕಾಡಿತ್ತು. ಗಡ್ಡೆಯನ್ನು ತೆಗೆಯುವಾಗ ಕೆಲವು ಜೀವಕೋಶಗಳು ರಕ್ತಕ್ಕೆ ಸೇರಬಹುದು. ಅದೇ ಹೊತ್ತಿನಲ್ಲಿ ಅರಿವಳಿಕೆಯ ಅನಿಲವು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದರೆ ಅವು ಬೇರೆಡೆ ನೆಲೆಯೂರಬಹುದೆಂಬುದು ಅವರ ತರ್ಕ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ, 2,108 ಮಹಿಳೆಯರನ್ನೊಳಗೊಂಡ ಅಧ್ಯಯನವು ಇದನ್ನು ಒರೆಗೆ ಹಚ್ಚಿತು. ಬೆನ್ನುಮೂಳೆಯ ಪಕ್ಕದ ನರಗಳನ್ನು ಜಡಗೊಳಿಸಿ ಪ್ರೊಪೋಫಾಲ್ ಕೊಟ್ಟವರಲ್ಲಿಯೂ, ಸೆವೋಫ್ಲುರೇನ್ ಅನಿಲದೊಡನೆ ಓಪಿಯಾಯ್ಡ್ ನೋವುನಿವಾರಕ ಪಡೆದವರಲ್ಲಿಯೂ ರೋಗ ಮರುಕಳಿಸಿದ ಪ್ರಮಾಣ ಶೇ. 10. ಆದಕಾರಣ, ಈ ಅಂಜಿಕೆಯಿಂದ ತಾಯಂದಿರು ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ತರವಲ್ಲವೆಂದೇ ನಾವು ಹೇಳುತ್ತೇವೆ.

ನಮಗೆ ಹೆಚ್ಚು ಭರವಸೆ ತಂದದ್ದು ಮುಂಬೈಯ ಟಾಟಾ ಸ್ಮಾರಕ ಕೇಂದ್ರದ ನೇತೃತ್ವದಲ್ಲಿ ದೇಶದ 11 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗ. ಹಲ್ಲು ಕೀಳುವಾಗ ಬಳಸುವ ಲಿಡೊಕೇನನ್ನೇ, ಶಸ್ತ್ರಕ್ರಿಯೆಗೆ 7ರಿಂದ 10 ನಿಮಿಷ ಮೊದಲು, ಗಡ್ಡೆಯ ಸುತ್ತ ಚುಚ್ಚಲಾಯಿತು. ಐದು ವರ್ಷಗಳ ಬಳಿಕ ಅವರಲ್ಲಿ ಬದುಕುಳಿದವರ ಪ್ರಮಾಣ ಶೇ. 90.1, ಚುಚ್ಚುಮದ್ದು ಪಡೆಯದವರಲ್ಲಿ ಶೇ. 86.4. ಕ್ಯಾನ್ಸರ್ ಕೋಶಗಳ ಚಲನೆಗೆ ನೆರವಾಗುವ ಸೋಡಿಯಂ ದ್ವಾರಗಳನ್ನು ಈ ಔಷಧಿ ಮುಚ್ಚುತ್ತದೆಂಬುದು ತಜ್ಞರ ವಿವರಣೆ. ಇದು ಒಂದೇ ಪ್ರಯೋಗದ ಫಲ, ನಿಜ. ಆದರೆ ಔಷಧಿಯೋ ಬಹಳ ಅಗ್ಗದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ಈ ಕುರಿತು ವೈದ್ಯರನ್ನು ಕೇಳಲು ಸಂಕೋಚ ಬೇಡ. ಲಿಡೊಕೇನ್ ಒಗ್ಗದವರು ಅದನ್ನು ಮೊದಲೇ ತಿಳಿಸತಕ್ಕದ್ದು.