ರೋಗಿಯ ಹಾಸಿಗೆ ಬಿಡದ ಡಾಕ್ಟರೇಟ್

2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಅಜ್ಜಿಯಿಂದ ಕಲಿತ ಸೂಲಗಿತ್ತಿ ವಿದ್ಯೆಯಲ್ಲಿ ಸುಮಾರು ಏಳು ದಶಕ ದುಡಿದು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಎಂಬುದು ಅವರ ಹೆಸರಿನ ಜೊತೆಗೇ ಓಡಾಡುವ ಲೆಕ್ಕ. 2018ರಲ್ಲಿ ಪದ್ಮಶ್ರೀಯೂ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಕೈಕೆಲಸದ ಪರಿಣತಿಗೆ ವಿಶ್ವವಿದ್ಯಾಲಯವೊಂದು ತನ್ನ ಅತ್ಯುನ್ನತ ಪದವಿ ಕೊಟ್ಟದ್ದು ಅಪರೂಪದ ಸಂಗತಿ. ಹಾಗಾದರೆ ಅದೇ ಕೆಲಸವನ್ನು ಓದಿ, ತರಬೇತಿ ಪಡೆದು, ಪರೀಕ್ಷೆ ಪಾಸಾಗಿ ಮಾಡುವ ನರ್ಸ್‌ಗೆ ವಾರ್ಡಿನ ಕೆಲಸದಲ್ಲೇ ಇನ್ನಷ್ಟು ಮೇಲೇರಿ ಗಳಿಸುವ ಡಾಕ್ಟರೇಟ್ ಇದೆಯೇ? ಅಮೆರಿಕದಲ್ಲಿ ಇದೆ. ನಮ್ಮಲ್ಲಿ ಇರುವುದು ಬೇರೆ ಥರದ್ದು, ಆ ವ್ಯತ್ಯಾಸ ತಿಳಿಯದೆ ಈ ದಾರಿ ಹಿಡಿದವರು ಅರ್ಧಕ್ಕೆ ಬಂದು ತಬ್ಬಿಬ್ಬಾಗುತ್ತಾರೆ.

ಅಮೆರಿಕದ ಕಥೆ ಶುರುವಾಗುವುದು 1965ರಲ್ಲಿ. ಕೊಲರಾಡೊದ ಹಳ್ಳಿಗಾಡಿನಲ್ಲಿ ಮಕ್ಕಳ ವೈದ್ಯರೇ ಸಿಗುತ್ತಿರಲಿಲ್ಲ. ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ತಜ್ಞ ಹೆನ್ರಿ ಸಿಲ್ವರ್ ಸೇರಿ ಅನುಭವಿ ನರ್ಸ್‌ಗಳಿಗೆ ಪರೀಕ್ಷಿಸುವುದು, ರೋಗ ಗುರುತಿಸುವುದು, ಸಾಮಾನ್ಯ ಕಾಯಿಲೆಗೆ ತಾವೇ ಚಿಕಿತ್ಸೆ ಕೊಡುವುದನ್ನು ಕಲಿಸಲು ತೊಡಗಿದರು. ‘ನರ್ಸ್ ಪ್ರಾಕ್ಟೀಷನರ್’ ಎಂಬ ಹೊಸ ವೃತ್ತಿ ಹುಟ್ಟಿದ್ದು ಹೀಗೆ. ಗಮನಿಸಬೇಕಾದ್ದು, ಇದು ದೊಡ್ಡ ಆಸ್ಪತ್ರೆಯ ಶೋಕಿಗಾಗಿ ಹುಟ್ಟಿದ್ದಲ್ಲ, ಡಾಕ್ಟರು ಹೋಗಲೊಲ್ಲದ ಊರಿಗಾಗಿ ಹುಟ್ಟಿದ್ದು. 2001ರಲ್ಲಿ ಕೆಂಟಕಿ ವಿಶ್ವವಿದ್ಯಾಲಯ ಇದಕ್ಕೊಂದು ಡಾಕ್ಟರೇಟ್ ಕಟ್ಟಿತು: ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್, ಚಿಕ್ಕದಾಗಿ ಡಿಎನ್‌ಪಿ. 2015ರ ಹೊತ್ತಿಗೆ ಉನ್ನತ ಶುಶ್ರೂಷೆಗೆ ಇಳಿಯುವವರೆಲ್ಲ ಡಿಎನ್‌ಪಿ ಮಾಡಿರಬೇಕು ಎಂದು ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ಗುರಿ ಹಾಕಿಕೊಂಡಿತ್ತು. ಗುರಿ ಮುಟ್ಟಲಿಲ್ಲ, ಸ್ನಾತಕೋತ್ತರ ಪದವಿಯಲ್ಲೇ ವೃತ್ತಿಗಿಳಿಯುವವರು ಇಂದಿಗೂ ಇದ್ದಾರೆ. ಆದರೆ ಡಿಎನ್‌ಪಿ ಕಲಿಸುವ ಸಂಸ್ಥೆಗಳು ನಾನೂರು ದಾಟಿವೆ.

ಪಿಎಚ್‌ಡಿ ಮಾಡುವ ನರ್ಸ್ ಹೊಸ ಜ್ಞಾನ ಹುಡುಕುತ್ತಾಳೆ, ಮಹಾಪ್ರಬಂಧ ಬರೆಯುತ್ತಾಳೆ. ಡಿಎನ್‌ಪಿ ಮಾಡುವವಳು ಇರುವ ಜ್ಞಾನವನ್ನು ವಾರ್ಡಿಗೆ ಇಳಿಸುತ್ತಾಳೆ. ಬಿ.ಎಸ್ಸಿ. ನಂತರದ ಓದಿನಲ್ಲಿ ಸಾಮಾನ್ಯವಾಗಿ ಸಾವಿರ ಗಂಟೆಯಷ್ಟು ರೋಗಿಗಳ ನಡುವೆ ಕಳೆದಿರಬೇಕು. ಕೊನೆಗೆ ಪ್ರಬಂಧದ ಬದಲು ಒಂದು ಯೋಜನೆ. ಉದಾಹರಣೆಗೆ, ತನ್ನ ಆಸ್ಪತ್ರೆಯ ಐಸಿಯುನಲ್ಲಿ ಮೂತ್ರದ ನಳಿಕೆಯಿಂದ ಹಬ್ಬುವ ಸೋಂಕು ತಗ್ಗಿಸುವುದು. ಏನು ಬದಲಿಸಿದೆ, ಸೋಂಕು ಎಷ್ಟು ಇಳಿಯಿತು, ತಾನು ಹೋದ ಮೇಲೂ ಅದು ಉಳಿಯುವಂತೆ ಏನು ಮಾಡಿದೆ ಎಂದು ತೋರಿಸಬೇಕು.

ಇಷ್ಟೆಲ್ಲ ಓದಿದರೆ ರೋಗಿಗೇನು ಲಾಭ ಎಂದು ಕೇಳುವವರಿಗೆ ಉತ್ತರ ಇದೆ. 2000ದಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ 1,316 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವರನ್ನು ವೈದ್ಯರ ಬಳಿಗೂ ಕೆಲವರನ್ನು ನರ್ಸ್ ಪ್ರಾಕ್ಟೀಷನರ್ ಬಳಿಗೂ ಕಳಿಸಲಾಯಿತು. ಆರು ತಿಂಗಳ ನಂತರ ನೋಡಿದರೆ ಎರಡೂ ಗುಂಪಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ, ಯುರೋಪಿನ ಒಂಬತ್ತು ದೇಶಗಳ ಅಧ್ಯಯನ ಇನ್ನೊಂದು ಮಾತು ಹೇಳಿತು: ಆಸ್ಪತ್ರೆಯ ನರ್ಸ್‌ಗಳಲ್ಲಿ ಪದವೀಧರರ ಪ್ರಮಾಣ ಶೇ 10ರಷ್ಟು ಹೆಚ್ಚಿರುವಲ್ಲಿ, ಶಸ್ತ್ರಚಿಕಿತ್ಸೆಯಾದ ರೋಗಿ ತಿಂಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಕಡಿಮೆ ಕಂಡಿತು.

ಇನ್ನು ನಮ್ಮ ಕಡೆಗೆ ಬರೋಣ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ವನದುರ್ಗ ಸುರಪುರ ನಾಯಕರ ಕಾಲದ ಕೋಟೆಯಿರುವ ಊರು. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.8, ರಾಜ್ಯದಲ್ಲೇ ಅತಿ ಕಡಿಮೆ. ಇಂಥ ಊರಿನ ಹುಡುಗಿಯೊಬ್ಬಳು ನರ್ಸಿಂಗ್‌ನಲ್ಲಿ ಡಾಕ್ಟರೇಟ್ ಮಾಡುತ್ತೇನೆಂದು ಹೊರಟಳು ಎಂದಿಟ್ಟುಕೊಳ್ಳಿ. ವಿಜ್ಞಾನ ತೆಗೆದುಕೊಂಡು ಪಿಯುಸಿ ಮುಗಿಸಬೇಕು. ಆಮೇಲೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಒಂದು ವರ್ಷ ಕೆಲಸ ಮಾಡಿದ ಅನುಭವ. ಎರಡು ವರ್ಷದ ಎಂ.ಎಸ್ಸಿ. ನಂತರ ಪಿಎಚ್‌ಡಿ, ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಹೆಚ್ಚುವರಿ ಸಮಯವೂ 240 ದಿನಗಳವರೆಗೆ ಹೆರಿಗೆ ರಜೆಯೂ ಉಂಟು. ಎಲ್ಲೂ ಎಡವದೆ ನಡೆದರೂ ವಯಸ್ಸು ಮೂವತ್ತರ ಹತ್ತಿರ. ಅಷ್ಟರೊಳಗೆ ಮನೆಯವರು ಮದುವೆ ಮಾತು ಎಷ್ಟು ಸಲ ಎತ್ತಿರುತ್ತಾರೋ!

ಅವಳ ಕೈಯಲ್ಲಿ ಒಂದು ಬಲವಾದ ಕಾಗದ ಇದೆ. 371(ಜೆ) ವಿಧಿಯ ಸ್ಥಳೀಯ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲು. ಬಿ.ಎಸ್ಸಿ. ನರ್ಸಿಂಗ್ ಸರ್ಕಾರಿ ಸೀಟು ಹಿಡಿಯಲು ಇದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಆದರೆ ಪಿಎಚ್‌ಡಿ ಮಟ್ಟಕ್ಕೆ ಬಂದಾಗ ತಡೆಯಾಗುವುದು ಸೀಟಿಗಿಂತ ಹೆಚ್ಚಾಗಿ ಮಾರ್ಗದರ್ಶಕರ ಕೊರತೆ, ಮತ್ತು ನೌಕರಿಯಲ್ಲಿದ್ದರೆ ರಜೆ.

ದೇಶದಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಶುರುವಾದದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. ಎಂ.ಎಸ್ಸಿ. ಬಂದದ್ದು 1959ರಲ್ಲಿ, ದೆಹಲಿಯ ರಾಜಕುಮಾರಿ ಅಮೃತ್ ಕೌರ್ ಕಾಲೇಜಿನಲ್ಲಿ. ಪಿಎಚ್‌ಡಿಗೆ ತೊಂಬತ್ತರ ದಶಕದವರೆಗೆ ಕಾಯಬೇಕಾಯಿತು. ಮಾರ್ಗದರ್ಶನ ಮಾಡಬಲ್ಲವರೇ ಬೆರಳೆಣಿಕೆಯಷ್ಟಿದ್ದ ಕಾರಣ ಭಾರತೀಯ ನರ್ಸಿಂಗ್ ಪರಿಷತ್ತು ಒಂದು ಉಪಾಯ ಹೂಡಿತು: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆ ಸೇರಿ ನರ್ಸಿಂಗ್ ಪಿಎಚ್‌ಡಿಗಾಗಿ ರಾಷ್ಟ್ರೀಯ ಒಕ್ಕೂಟ ಕಟ್ಟಿತು. ಹೀಗೆ ದೇಶದ ಬೇರೆ ಬೇರೆ ಮೂಲೆಗಳ ನರ್ಸಿಂಗ್ ಅಧ್ಯಾಪಕರು ಪದವಿಗಾಗಿ ಆ ವಿಶ್ವವಿದ್ಯಾಲಯವಿರುವ ಬೆಂಗಳೂರಿನ ಜಯನಗರದ ಕಡೆ ನೋಡುವಂತಾಯಿತು. ಕರ್ನಾಟಕಕ್ಕೆ ಇದು ಸಣ್ಣ ಹೆಮ್ಮೆಯೇನಲ್ಲ.

ಆದರೂ ಒಂದು ಚುಚ್ಚು ಮಾತು ಹೇಳದೆ ಇರಲಾಗದು. ರಾಜ್ಯದ ಯಾವ ನರ್ಸಿಂಗ್ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಎಂ.ಎಸ್ಸಿ. ಪ್ರಬಂಧಗಳ ಬೆನ್ನು ಓದಿದರೂ ಒಂದೇ ಪಲ್ಲವಿ: ಇಂಥ ವಿಷಯದ ಬಗ್ಗೆ ಇಂಥವರ ತಿಳಿವಳಿಕೆಯ ಮೇಲೆ ‘ರಚಿತ ಬೋಧನಾ ಕಾರ್ಯಕ್ರಮ’ದ ಪರಿಣಾಮ. ಮೊದಲೊಂದು ಪ್ರಶ್ನೆಪತ್ರಿಕೆ, ನಡುವೆ ಪಾಠ, ಮತ್ತೆ ಅದೇ ಪ್ರಶ್ನೆಪತ್ರಿಕೆ. ಪಾಠ ಕೇಳಿದವರ ಅಂಕ ಏರುತ್ತದೆ. ಏರದೆ ಏನಾಗುತ್ತದೆ? ರೋಗಿಯ ನೋವು ಇಳಿಯಿತೇ, ರಕ್ತ ನಿಂತಿತೇ, ಮಗು ಉಳಿಯಿತೇ ಎಂಬ ಪ್ರಶ್ನೆ ಕೇಳಬೇಕಾದರೆ ಸಂಶೋಧಕಿಗೆ ವಾರ್ಡಿನಲ್ಲಿ ಅಧಿಕಾರ ಬೇಕು. ಅದು ಇಲ್ಲದವರಿಗೆ ಪ್ರಶ್ನೆಪತ್ರಿಕೆಯೇ ಗತಿ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಕೆಲಸ ಬೆಳಗಾವಿ ಜಿಲ್ಲೆಯಲ್ಲಿ ನಡೆದಿದೆ. ಹೆರಿಗೆಯಾದ ಮೇಲಿನ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಕೊಡಲು ತರಬೇತಿ ಬೇಕು. ಅದರ ಬದಲು ಬಾಯಲ್ಲಿ ನುಂಗುವ ಮಿಸೊಪ್ರೊಸ್ಟಾಲ್ ಮಾತ್ರೆ ಹಳ್ಳಿಯಲ್ಲಿ ಕೆಲಸ ಮಾಡೀತೇ? 1,620 ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಸೋರಿದ ರಕ್ತವನ್ನು ತಾಯಿಯ ಕೆಳಗೆ ಹಾಸಿದ ಅಳತೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದು ಅಳೆದವರು ಉಪಕೇಂದ್ರಗಳ ಸಹಾಯಕ ನರ್ಸ್‌ಗಳು, ಎಎನ್‌ಎಂಗಳು. 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು: ಹುಸಿಮಾತ್ರೆ ನುಂಗಿದವರಲ್ಲಿ ಶೇ 12 ತಾಯಂದಿರಿಗೆ ಅತಿಯಾದ ರಕ್ತಸ್ರಾವವಾದರೆ, ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಶೇ 6.4 ಮಾತ್ರ. ಜಗತ್ತಿನ ಹೆರಿಗೆ ಕೋಣೆಗಳು ಓದಿದ ಅಧ್ಯಯನ ಇದು. ಮುನ್ನಡೆಸಿದವರು ವೈದ್ಯರು, ರಾತ್ರಿಯೆಲ್ಲ ಎದ್ದು ಅಳೆದವರು ನರ್ಸ್‌ಗಳು. ಪ್ರಶ್ನೆಯನ್ನೂ ನರ್ಸೇ ಕೇಳುವಂತಾದರೆ ಹೇಗಿರುತ್ತದೆ? ವೃತ್ತಿಯ ಡಾಕ್ಟರೇಟ್ ಬೇಕಾಗುವುದು ಅಲ್ಲಿಗೆ.

ಶಹಾಪುರ, ಸುರಪುರದ ದವಾಖಾನಿಗಳಲ್ಲಿ ಅಂಥ ಪ್ರಶ್ನೆಗಳಿಗೆ ಬರವಿಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಅವುಗಳ ಜೊತೆ ‘ಎಣ್ಣಿ’ಯೂ ಬಂತು. ಕೀಟನಾಶಕಕ್ಕೆ ಈ ಸೀಮೆಯ ಹೆಸರು ಅದು. ಅದನ್ನು ಕುಡಿದವರನ್ನು ಹೆಚ್ಚಿನ ಸಲ ಉಳಿಸುವುದು ಅಟ್ರೋಪಿನ್ ಚುಚ್ಚುಮದ್ದು, ಆದರೆ ಅದರ ಪ್ರಮಾಣವನ್ನು ಒಮ್ಮೆ ಬರೆದಿಟ್ಟು ಹೋಗುವಂತಿಲ್ಲ. ಐದೈದು ನಿಮಿಷಕ್ಕೆ ನಾಡಿ ನೋಡಿ, ಕಣ್ಣಪಾಪೆ ನೋಡಿ, ಎದೆಯ ಗೊರಗೊರ ಸದ್ದು ಆಲಿಸಿ ಏರಿಸುತ್ತಾ ಹೋಗಬೇಕು. ಕಡಿಮೆಯಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಹೆಚ್ಚಾದರೆ ಜ್ವರ, ಬಡಬಡಿಕೆ. ರಾತ್ರಿ ಎರಡು ಗಂಟೆಗೆ ಹಾಸಿಗೆ ಪಕ್ಕ ನಿಂತು ಇದನ್ನು ನೋಡುವವಳು ನರ್ಸಬಾಯಿಯೇ. ಗದ್ದೆಯಲ್ಲಿ ಹಾವು ಕಡಿದು ಬಂದವರಿಗೆ ಮಾಡುವ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೂ ಅಷ್ಟೇ: ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಪ್ಲಾಸ್ಟಿಕ್ ನಳಿಕೆ ಬಳಸಿದರೆ, ಸೋಪಿನ ಅಂಶ ಉಳಿದಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಇನ್ನು ಗುಳೆ. ಬಸುರಿ ಹೆಂಗಸು ತಾಯಿ ಕಾರ್ಡ್ ಹಿಡಿದು ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೋದರೆ ಅವಳ ರಕ್ತಹೀನತೆಯ ಚಿಕಿತ್ಸೆ ಎಲ್ಲಿ ತುಂಡಾಗುತ್ತದೆ, ಅದನ್ನು ಕೂಡಿಸುವುದು ಹೇಗೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಒಂದೊಂದೂ ಒಂದು ಡಾಕ್ಟರೇಟಿಗೆ ಸಾಕಾಗುವ ವಿಷಯ.

ದೇಶ ಈ ದಿಕ್ಕಿಗೆ ಹೆಜ್ಜೆ ಇಟ್ಟೇ ಇಲ್ಲ ಎನ್ನುವಂತಿಲ್ಲ. ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಘಟಕಗಳಿಗಾಗಿ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸ್ ರೂಪಿಸಿತು. ಅದರಲ್ಲಿ ಐದನೇ ಒಂದು ಪಾಲು ಪಾಠ, ಉಳಿದ ನಾಲ್ಕು ಪಾಲು ರೋಗಿಯ ಪಕ್ಕ. 2018ರಲ್ಲಿ ಕೇಂದ್ರ ಸರ್ಕಾರ ಹೆರಿಗೆ ಸೇವೆಗಾಗಿ ನರ್ಸ್ ಪ್ರಾಕ್ಟೀಷನರ್‌ಗಳನ್ನು ತಯಾರು ಮಾಡುವ ಮಾರ್ಗಸೂಚಿ ಹೊರಡಿಸಿತು. ತರಬೇತಿ ಹದಿನೆಂಟು ತಿಂಗಳು. ಅದಕ್ಕೂ ಮುಂಚೆಯೇ, 2017ರಲ್ಲಿ, ಯಾದಗಿರಿಗೆ ಗಡಿ ಹಂಚಿಕೊಂಡ ತೆಲಂಗಾಣ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ನೆರವಿನಿಂದ ಸರ್ಕಾರಿ ನರ್ಸ್‌ಗಳಿಗೆ ಇಂಥ ತರಬೇತಿ ಶುರು ಮಾಡಿತ್ತು. ಆಯುಷ್ಮಾನ್ ಭಾರತ ಯೋಜನೆ ಬಂದ ಮೇಲೆ ಉಪಕೇಂದ್ರಗಳಲ್ಲಿ ಬಿ.ಎಸ್ಸಿ. ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಕೂತಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆ ತಪಾಸಣೆ ಮಾಡಿ, ವೈದ್ಯರು ಶುರು ಮಾಡಿದ ಮಾತ್ರೆ ಮುಂದುವರಿಸಿ, ಬೇಕಾದಾಗ ಇ-ಸಂಜೀವಿನಿಯಲ್ಲಿ ವೈದ್ಯರನ್ನು ತೆರೆಯ ಮೇಲೆ ಕರೆಯುತ್ತಾರೆ. ಹಳ್ಳಿಯ ಜನ ಇವರನ್ನು ‘ಡಾಕ್ಟರ್ರೀ’ ಎಂದೇ ಕರೆದರೆ ಆಶ್ಚರ್ಯವಿಲ್ಲ.

ತಕರಾರು ಇರುವುದು ಔಷಧ ಬರೆಯುವ ಹಕ್ಕಿನಲ್ಲಿ. ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ವೈದ್ಯರ ಉಸ್ತುವಾರಿ ಇಲ್ಲದೆ ಚಿಕಿತ್ಸೆ ಕೊಡಬಹುದು. ಅಲ್ಲಿನ ವೈದ್ಯರ ಸಂಘ ಅದನ್ನು ಇಂದಿಗೂ ವಿರೋಧಿಸುತ್ತದೆ. ನಮ್ಮಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು ಸೀಮಿತ ಅನುಮತಿಯ ಸಮುದಾಯ ಆರೋಗ್ಯ ಸೇವಕರ ಪ್ರಸ್ತಾಪ ಮಾಡಿದಾಗ ಭಾರತೀಯ ವೈದ್ಯಕೀಯ ಸಂಘ ಬೀದಿಗಿಳಿಯಿತು. ನಕಲಿ ವೈದ್ಯರಿಗೆ ಬಾಗಿಲು ತೆರೆದಂತಾಗುತ್ತದೆ ಎಂಬ ಅವರ ಆತಂಕವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಆರ್‌ಎಂಪಿಗಳ ಹಾವಳಿ ಕಂಡ ಈ ಸೀಮೆಯವರಂತೂ ತಳ್ಳಿಹಾಕಲಾರರು. ಆದರೆ ಹತ್ತು ವರ್ಷ ಓದಿದ ನರ್ಸನ್ನೂ ಬೋರ್ಡು ತಗಲಿಸಿ ಕೂತ ನಕಲಿಯನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಈ ಗಂಟು ಬಿಚ್ಚಬೇಕಾದ ವೇದಿಕೆ ಅದೇ.

ಸದ್ಯಕ್ಕೆ ವನದುರ್ಗದ ಆ ಹುಡುಗಿ ಪಿಎಚ್‌ಡಿ ಮುಗಿಸಿದರೆ ಅವಳಿಗಾಗಿ ಕಾದಿರುವುದು ನರ್ಸಿಂಗ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆ, ಮುಂದೆ ಪ್ರಾಂಶುಪಾಲರ ಕೋಣೆ. ಸಂಬಳ, ಮರ್ಯಾದೆ ಎರಡೂ ಇವೆ, ಅವಳ ಕೈಕೆಳಗೆ ಕಲಿತ ನೂರಾರು ನರ್ಸ್‌ಗಳೂ ಇರುತ್ತಾರೆ, ಅದು ಕಡಿಮೆಯಲ್ಲ. ಆದರೆ ಶಹಾಪುರದ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಗೆ ಡಾಕ್ಟರೇಟ್ ಪಡೆದ ನರ್ಸ್ ಬೇಕೆಂದು ಕೇಳುವ, ಅವಳು ಅರ್ಜಿ ಹಾಕಬಹುದಾದ ಹುದ್ದೆ ಸರ್ಕಾರದ ನೇಮಕಾತಿ ಪಟ್ಟಿಯಲ್ಲಿ ಇಲ್ಲ. ಶುಶ್ರೂಷಾಧಿಕಾರಿ ಹುದ್ದೆಗೆ ಸೇರಬಹುದು. ಅಲ್ಲಿ ಡಿಪ್ಲೊಮಾ ಓದಿದವರಿಗೂ ಅವಳಿಗೂ ಒಂದೇ ಕೆಲಸಪಟ್ಟಿ.