ಅಂಗಳದ ಅಮೃತಬಳ್ಳಿ

1948ರಲ್ಲಿ ಶಂಕುಸ್ಥಾಪನೆಗೊಂಡ ಜಯನಗರದ ಹಳೆಯ ಮನೆಗಳ ಅಂಗಳದಲ್ಲಿ, ಬೇವಿನ ಮರಕ್ಕೋ ಕಾಂಪೌಂಡು ಗೋಡೆಗೋ ಹಬ್ಬಿದ ಬಳ್ಳಿಯೊಂದು ಇಂದಿಗೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಎಲೆ ಹೃದಯದಾಕಾರದ್ದು, ಕಾಂಡದಿಂದ ಇಳಿಬಿದ್ದ ಬೇರುಗಳು ದಾರದ ಎಳೆಗಳಂತೆ ತೂಗಾಡುತ್ತವೆ. ಇದೇ ಅಮೃತಬಳ್ಳಿ.

ಸಂಸ್ಕೃತದ ಹೆಸರುಗಳು ಇದರ ಗುರುತನ್ನೇ ಹೇಳುತ್ತವೆ. ಕಡಿದರೂ ಬೆಳೆಯುವುದರಿಂದ ಇದು ಛಿನ್ನರುಹಾ. ಅಡ್ಡ ಕೊಯ್ದಾಗ ಗಾಲಿಯ ಅರಗಳಂತಹ ಗೆರೆಗಳು ಕಾಣುವುದರಿಂದ ಚಕ್ರಲಕ್ಷಣಿಕಾ. ರಾವಣವಧೆಯ ಅನಂತರ ಮಡಿದ ಕಪಿಗಳ ಮೇಲೆ ಇಂದ್ರನು ಅಮೃತವನ್ನು ಸುರಿಸಿದಾಗ, ಅವರ ಮೈಯಿಂದ ಜಾರಿದ ಹನಿಗಳಿಂದ ಈ ಬಳ್ಳಿ ಹುಟ್ಟಿತೆಂದು ಭಾವಪ್ರಕಾಶದಲ್ಲಿ ಕಥೆಯುಂಟು.

ಔಷಧಕ್ಕೆ ಮುಖ್ಯವಾಗಿ ಒದಗುವುದು ಕಾಂಡ. ಜ್ವರಕ್ಕೆ ಇದರ ಕಷಾಯ, ಸಂಧಿನೋವಿಗೆ ಶುಂಠಿಯೊಡನೆ ಕಾಸಿದ ಕಷಾಯ ರೂಢಿಯಲ್ಲಿವೆ. ಮೇಧಾಶಕ್ತಿಯನ್ನು ಹೆಚ್ಚಿಸುವ ನಾಲ್ಕು ರಸಾಯನಗಳಲ್ಲಿ ಚರಕಸಂಹಿತೆ ಇದರ ರಸವನ್ನೂ ಸೇರಿಸಿದೆ. ಹಸಿ ಕಾಂಡವನ್ನು ಜಜ್ಜಿ, ನೀರಿನಲ್ಲಿ ನೆನೆಯಿಟ್ಟು, ಚೆನ್ನಾಗಿ ಕಿವುಚಿ ಸೋಸಿ, ತಳದಲ್ಲಿ ನಿಂತ ಬಿಳಿಯ ಹಿಟ್ಟನ್ನು ಒಣಗಿಸಿದರೆ ಅದೇ ಗುಡೂಚೀಸತ್ವ.

2020ರಲ್ಲಿ ಕೋವಿಡ್ ಹಬ್ಬಿದಾಗ ಈ ಬಳ್ಳಿಗೆ ಎಂದೂ ಇಲ್ಲದ ಬೇಡಿಕೆ ಬಂದಿತು. ರೋಗನಿರೋಧಕ ಶಕ್ತಿ ಬೆಳೆಯಲೆಂದು ದೇಶದ ಎಷ್ಟೋ ಮನೆಗಳಲ್ಲಿ ಇದನ್ನು ಪ್ರತಿದಿನ ಕುಡಿದರು. ಮುಂಬಯಿಯ ವೈದ್ಯರು 2021ರಲ್ಲಿ, ಹೀಗೆ ಸೇವಿಸಿದ 6 ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿಮಾಡಿದರು. ಮರುವರ್ಷ 13 ಕೇಂದ್ರಗಳ ವೈದ್ಯರು ಕೂಡಿ ಅಂತಹ 43 ರೋಗಿಗಳ ವಿವರವನ್ನು ಪ್ರಕಟಿಸಿದರು. ದೇಹದ ರಕ್ಷಣಾಶಕ್ತಿಯೇ ತನ್ನ ಅಂಗಗಳ ಮೇಲೆ ತಿರುಗಿಬೀಳುವ ಸ್ವಭಾವ ಒಳಗೊಳಗೇ ಇದ್ದವರಲ್ಲಿ, ಈ ಬಳ್ಳಿ ಅದನ್ನು ಕೆರಳಿಸಬಹುದೆಂಬುದು ಅವರ ಅಭಿಪ್ರಾಯ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಇದೇ ಕುಲದ, ಕಾಂಡದ ತುಂಬ ಗಂಟುಗಂಟಾಗಿರುವ ಇನ್ನೊಂದು ಬಳ್ಳಿಯೊಡನೆ ಬೆರಕೆಯಾಗಿರಬಹುದೆಂದು ಎಚ್ಚರಿಸಿತು.

ಈ ವಾದದಲ್ಲಿ ಯಾರ ಮಾತು ಗೆದ್ದರೂ ಗೃಹಸ್ಥರು ತಿಳಿಯಬೇಕಾದುದು ಒಂದೇ. ಹಿಂದೆ ಪಂಡಿತರು ಇದನ್ನು ಕೊಡುತ್ತಿದ್ದುದು ನಾಡಿ ಹಿಡಿದು, ರೋಗಿಯ ಪ್ರಕೃತಿಯನ್ನು ನೋಡಿ, ಅಳತೆ ಹೇಳಿ. ಕಾಫಿಯಂತೆ ನಿತ್ಯವೂ ಕುಡಿಯಲೆಂದಲ್ಲ. ಯಕೃತ್ತಿನ ತೊಂದರೆಯುಳ್ಳವರು, ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಕುಡಿಯುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೋದಾಗ ಕಷಾಯದ ಸಂಗತಿಯನ್ನು ಡಾಕ್ಟರರಿಂದ ಮುಚ್ಚಿಡಬಾರದು.